ನಿಮಗಿದು ಗೊತ್ತೇ? ಕೆನರಾದ ಹೆಸರು ಹೊತ್ತ ಪಟ್ಟೆ ಮೀನು

ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ನಿಂತರೆ ಕೆಳಗೆ ತೆಂಗಿನ ತೋಟಗಳ ನಡುವೆ ಸ್ವರ್ಣಾ ನದಿ ಬಳಸಿಕೊಂಡು ಹೋಗುವುದು ಕಾಣುತ್ತದೆ. ಸೂರ್ಯಾಸ್ತ ನೋಡಲು ಬಂದವರ ಕಣ್ಣೆಲ್ಲ ಪಡುವಣ ಆಕಾಶದ ಮೇಲೆ. ಒಂದು ಗಳಿಗೆ ಆ ಕಣ್ಣನ್ನು ನೀರಿಗೆ ಇಳಿಸಿ. ಇವತ್ತಿನ ಮಾತೆಲ್ಲ ಹೊಳೆಯೊಳಗಿನ ಒಂದು ಮನೆತನದ್ದು.

ನಮ್ಮ ಜಿಲ್ಲೆಯ ಹೆಸರನ್ನು ತನ್ನ ಹೆಸರಲ್ಲೇ ಇಟ್ಟುಕೊಂಡ ಸಿಹಿನೀರಿನ ಮೀನೊಂದಿದೆ, ಗೊತ್ತೇ? ಎಟ್ರೋಪ್ಲಸ್ ಕ್ಯಾನರೆನ್ಸಿಸ್. ‘ಕ್ಯಾನರೆನ್ಸಿಸ್’ ಎಂದರೆ ಕೆನರಾದ್ದು. 1877ರಲ್ಲಿ ಇದನ್ನು ಮೊದಲು ವಿವರಿಸಿ ಹೆಸರಿಟ್ಟವರು ಫ್ರಾನ್ಸಿಸ್ ಡೇ. ಅವರಿಗೆ ಮೀನು ಸಿಕ್ಕಿದ್ದು ಅಂದಿನ ದಕ್ಷಿಣ ಕೆನರಾ ಜಿಲ್ಲೆಯಲ್ಲಿ. ಆ ಜಿಲ್ಲೆಯಿಂದ 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಮೀನಿನ ಹೆಸರಿನಲ್ಲಿ ಮಾತ್ರ ಹಳೆಯ ಜಿಲ್ಲೆ ಒಂದಾಗಿಯೇ ಉಳಿದಿದೆ.

ಡೇ ವೃತ್ತಿಯಿಂದ ವೈದ್ಯರು. ಮದರಾಸಿನ ಸೇನೆಯಲ್ಲಿ ಶಸ್ತ್ರವೈದ್ಯರಾಗಿ ಬಂದವರು ಮೀನಿನ ಹಿಂದೆ ಬಿದ್ದು, ಕೊನೆಗೆ ಭಾರತದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆದರು. 1875ರಿಂದ 1878ರವರೆಗೆ ಭಾಗ ಭಾಗವಾಗಿ ಹೊರಬಂದ ಅವರ ‘ದಿ ಫಿಶಸ್ ಆಫ್ ಇಂಡಿಯಾ’ ಗ್ರಂಥವನ್ನು ಇವತ್ತಿಗೂ ಮೀನಿನ ವಿಜ್ಞಾನಿಗಳು ತೆರೆದು ನೋಡುತ್ತಾರೆ. ಅವರು ಕೂಡಿಟ್ಟ ಮೀನುಗಳು ಕೋಲ್ಕತ್ತಾ, ಲಂಡನ್, ಲೈಡನ್, ಸಿಡ್ನಿ ಹೀಗೆ ನಾಲ್ಕು ದಿಕ್ಕಿನ ವಸ್ತು ಸಂಗ್ರಹಾಲಯಗಳಲ್ಲಿವೆ.

ಕೆನರಾ ಮೀನು ನೋಡಲು ಹೇಗಿದೆ? ಅಂಗೈ ಮೇಲೆ ಇಟ್ಟುಕೊಳ್ಳಬಹುದಾದಷ್ಟು: ಉದ್ದ ಸುಮಾರು 11 ಸೆಂ.ಮೀ. ಎರಡೂ ಕಡೆಯಿಂದ ಒತ್ತಿ ಚಪ್ಪಟೆ ಮಾಡಿದಂಥ ದುಂಡು ಮೈ. ಹಳದಿ ಬೆರೆತ ಹಸಿರು ಬಣ್ಣದ ಮೇಲೆ ಬೆನ್ನಿನಿಂದ ಹೊಟ್ಟೆಗೆ ಇಳಿದ ಕಪ್ಪು ಪಟ್ಟೆಗಳು, ಪಟ್ಟೆಗಳ ನಡುವೆ ಹುರುಪೆಗಳ ಮೇಲೆ ಮುತ್ತಿನಂಥ ಮಿನುಗು ಚುಕ್ಕೆ. ಅಕ್ವೇರಿಯಂ ಸಾಕುವವರು ಇದನ್ನು ‘ಕೆನರಾ ಪರ್ಲ್‌ಸ್ಪಾಟ್’ ಎನ್ನುವುದು ಈ ಚುಕ್ಕೆಗಳಿಗಾಗಿಯೇ.

ಇದರ ಮನೆ ಎಲ್ಲಿ? ನೇತ್ರಾವತಿ ಮತ್ತು ಕುಮಾರಧಾರಾ. ಉಪ್ಪಿನಂಗಡಿಯಲ್ಲಿ ಕೂಡುವ ಈ ಎರಡು ಹೊಳೆಗಳೇ ಇದರ ತವರೆಂದು ಮೀನಿನ ಪುಸ್ತಕಗಳೆಲ್ಲ ಹೇಳುತ್ತವೆ. ಅಮೆಜಾನಿನ ಮೀನು ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿದೆ. ಉಪ್ಪಿನಂಗಡಿಯ ಸೇತುವೆಯ ಕೆಳಗಿನ ಈ ಮೀನಿನ ಹೆಸರು ನಮ್ಮಲ್ಲಿ ಹತ್ತರಲ್ಲಿ ಒಬ್ಬರಿಗಾದರೂ ಗೊತ್ತಿದೆಯೇ ಎಂದು ಕೇಳಿಕೊಂಡರೆ ನನಗೆ ಸಂಕಟವಾಗುತ್ತದೆ.

ಈ ಮೀನು ಸೇರಿದ್ದು ‘ಸಿಕ್ಲಿಡ್’ ಎಂಬ ದೊಡ್ಡ ಕುಟುಂಬಕ್ಕೆ. ಲೋಕದಲ್ಲಿ ಈವರೆಗೆ ಹೆಸರಿಟ್ಟ ಸಿಕ್ಲಿಡ್‌ಗಳೇ 1,700ಕ್ಕೂ ಮಿಕ್ಕಿ. ಆಫ್ರಿಕಾದ ಮಲಾವಿ ಸರೋವರ ಒಂದರಲ್ಲೇ 500ಕ್ಕೂ ಹೆಚ್ಚು ಬಗೆ. ಭಾರತದ ಸ್ವಂತದ್ದು ಎಷ್ಟು? ಮೂರೇ ಮೂರು. ಒಂದು ಅಳಿವೆಗಳ ಕರಿಮೀನು, ಇನ್ನೊಂದು ಮಲಯಾಳಿಗಳು ಪಲ್ಲತ್ತಿ ಎಂದು ಕರೆಯುವ ಬೆರಳುದ್ದದ ಕಿತ್ತಳೆ ಮೀನು, ಮೂರನೆಯದು ನಮ್ಮ ಕೆನರಾದ್ದು. ಮೊದಲಿನ ಎರಡೂ ಉಪ್ಪುನೀರು ಸಿಹಿನೀರು ಎರಡಕ್ಕೂ ಒಗ್ಗಿದವು, ಶ್ರೀಲಂಕಾದಲ್ಲೂ ಇವೆ. ಕೆನರಾ ಮೀನು ಬರೀ ಸಿಹಿನೀರಿನದು, ಬೇರೆ ದೇಶ ಕಂಡದ್ದಿಲ್ಲ.

ಮಣಿಪಾಲದ ಹಾಸ್ಟೆಲ್ ಕೋಣೆಗಳಲ್ಲಿ, ಉಡುಪಿಯ ಹೋಟೆಲ್‌ಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಈಜುವ ಏಂಜೆಲ್, ಆಸ್ಕರ್, ಡಿಸ್ಕಸ್, ಹಣೆ ಉಬ್ಬಿದ ಫ್ಲವರ್‌ಹಾರ್ನ್ ಎಲ್ಲವೂ ಸಿಕ್ಲಿಡ್‌ಗಳೇ. ಫ್ಲವರ್‌ಹಾರ್ನ್ ಮಾತ್ರ ಯಾವ ಹೊಳೆಯಲ್ಲೂ ಹುಟ್ಟಿದ್ದಲ್ಲ. ಬೇರೆ ಬೇರೆ ಜಾತಿಗಳನ್ನು ಬೆರೆಸಿ ಮನುಷ್ಯರೇ ಮಾಡಿಕೊಂಡದ್ದು.

ಮೀನಿನ ಮೂಗಿನ ಹೊಳ್ಳೆ ಎಣಿಸಿದ್ದೀರಾ? ಕಾಟ್ಲಾ, ರೋಹು ಥರದ ಮೀನಿಗೆ ಮುಖದ ಒಂದೊಂದು ಕಡೆಗೆ ಎರಡೆರಡು: ನೀರು ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುತ್ತದೆ. ಸಿಕ್ಲಿಡ್‌ಗಳಿಗೆ ಕಡೆಗೊಂದೇ. ಮಾರುಕಟ್ಟೆಯಲ್ಲಿ ಮೀನನ್ನು ಕೈಗೆತ್ತಿಕೊಂಡು ಕಣ್ಣಿನ ಮುಂದಿನ ಜಾಗ ನೋಡಿದರೆ ಮನೆತನದ ಸುಳಿವು ಸಿಗುತ್ತದೆ.

ಸಿಕ್ಲಿಡ್‌ಗಳಿಗೆ ಎರಡು ಜತೆ ದವಡೆಯೂ ಇದೆ. ಬಾಯಿಯದು ಹಿಡಿಯಲು, ಗಂಟಲಿನೊಳಗಿನದು ಅಗಿಯಲು. ಬಾಯಿಗೆ ಅಗಿಯುವ ಕೆಲಸ ಇಲ್ಲದ್ದರಿಂದ ಕೆರೆದು ತಿನ್ನಲು, ಹೀರಲು, ಕಚ್ಚಲು ಬೇಕಾದ ಹಾಗೆ ಅದು ಬದಲಾಗುತ್ತ ಹೋಯಿತು. ಇಷ್ಟೊಂದು ಜಾತಿಗಳಾಗಿ ಇವು ಹರಡಿದ್ದಕ್ಕೆ ಇದೂ ಒಂದು ಕಾರಣವೆಂದು ಜೀವವಿಜ್ಞಾನಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ.

ಇನ್ನು ಕರಿಮೀನು. ಉಡುಪಿಯ ಮೀನು ಮಾರುಕಟ್ಟೆಯಲ್ಲಿ ಬಂಗುಡೆ, ಬೂತಾಯಿ, ಅಂಜಲ್‌ಗಳ ರಾಶಿಯ ಪಕ್ಕ ಒಂದು ಸಣ್ಣ ಬುಟ್ಟಿಯಲ್ಲಿ ಇದನ್ನು ಕಂಡು ನಿಂತೆ. ತಟ್ಟೆಯಗಲದ ಮೈ, ಹಸಿರು ಬೂದು ಬಣ್ಣ, ಹುರುಪೆಗೊಂದರಂತೆ ಬಿಳಿ ಚುಕ್ಕೆ, ಮೈಮೇಲೆ ಮಸುಕಾದ ಅಡ್ಡಪಟ್ಟೆ.

“ಇದು ಕರಿಮೀನಾ ಅಕ್ಕ?”

“ಹೌದು ಮಾರಾಯ್ರೆ, ಹೊಳೆದ್ದು. ಮುಳ್ಳು ಜೋರುಂಟು, ಕೈ ಜಾಗ್ರತೆ.”

ಆಕೆ ಹೇಳಿದ ಆ ಮುಳ್ಳೇ ಈ ಮೀನಿನ ಹೆಸರು! ‘ಎಟ್ರೋಪ್ಲಸ್’ ಎಂಬುದು ಗ್ರೀಕ್ ಮಾತುಗಳಿಂದ ಬಂದದ್ದು, ಹೊಟ್ಟೆಯಲ್ಲಿ ಆಯುಧ ಇರುವುದು ಎಂದು ಅರ್ಥ. ಹೊಟ್ಟೆಯ ಹಿಂದೆ, ಬಾಲಕ್ಕೆ ಮುಂಚೆ ಇರುವ ರೆಕ್ಕೆಯನ್ನು ಬಿಡಿಸಿ ನೋಡಿ. ಬೇರೆ ಸಿಕ್ಲಿಡ್‌ಗಳಲ್ಲಿ ಹೆಚ್ಚಿನವಕ್ಕೆ ಅಲ್ಲಿ ಮೂರು ಗಟ್ಟಿ ಮುಳ್ಳು. ಕರಿಮೀನಿಗೆ 12 ಅಥವಾ 13. ಅಂಥದೇ ಸಿಕ್ಲಿಡ್ ಆದ ಜಿಲೇಬಿ ಮೀನನ್ನು ಕರಿಮೀನೆಂದು ಯಾರಾದರೂ ಕೊಟ್ಟರೆ ಈ ಮುಳ್ಳುಗಳನ್ನು ಎಣಿಸಿ. ಮೂರೇ ಇದ್ದರೆ ಅದು ಜಿಲೇಬಿ.

ಕರಿಮೀನಿನ ವೈಜ್ಞಾನಿಕ ಹೆಸರು ಎಟ್ರೋಪ್ಲಸ್ ಸುರಾಟೆನ್ಸಿಸ್. ಅದರಲ್ಲಿ ‘ಸುರಾಟೆನ್ಸಿಸ್’ 1790ರಲ್ಲಿ ಜರ್ಮನಿಯ ಮೀನು ವಿಜ್ಞಾನಿ ಬ್ಲಾಕ್ ಇಟ್ಟದ್ದು. ಗುಜರಾತಿನ ಸೂರತ್ತಿನ ಹೆಸರು ಸೇರಿಕೊಂಡಿದೆ. ಮೀನಿನ ನಿಜವಾದ ನೆಲೆ ಮಾತ್ರ ದಕ್ಷಿಣದ ಅಳಿವೆ, ಹಿನ್ನೀರುಗಳು. ಕೇರಳ 2010ರಲ್ಲಿ ಇದನ್ನು ರಾಜ್ಯದ ಮೀನೆಂದು ಘೋಷಿಸಿತು. ಗೋವಾದ ಕೊಂಕಣಿಗರಿಗೆ ಇದು ಕಾಲುಂದರ್. ನಮ್ಮ ಕರಾವಳಿಯ ಅಳಿವೆಗಳಲ್ಲಿ ಪಂಜರ ಕಟ್ಟಿ ಇದನ್ನು ಸಾಕುವವರೂ ಈಗ ಇದ್ದಾರೆ.

ಮುಂಗಾರಿನ ಮೊದಲ ಮಳೆಗೆ ನಮ್ಮೂರಿನಲ್ಲಿ ಉಬರ್ ಮೀನಿನ ಸಂಭ್ರಮ. ಹೊಳೆಯ ಮೀನುಗಳು ತೋಡು ಹತ್ತಿ, ಗದ್ದೆಗೆ ಏರಿ, ಮೊಟ್ಟೆ ಚೆಲ್ಲಿ ಹಿಂದಿರುಗುತ್ತವೆ. ಜನ ಟಾರ್ಚು, ಕತ್ತಿ ಹಿಡಿದು ರಾತ್ರಿಯಿಡೀ ಗದ್ದೆಯಂಚಿನಲ್ಲಿ. ಹಾಗೆ ಏರಿ ಬರುವ ಮೀನುಗಳಲ್ಲಿ ಹೆಚ್ಚಿನವು ಲೆಕ್ಕವಿಲ್ಲದಷ್ಟು ಮೊಟ್ಟೆ ಇಟ್ಟು ಹೊರಟೇಹೋಗುತ್ತವೆ, ಮರಿಗಳ ಮುಖ ನೋಡುವುದಿಲ್ಲ. ಕರಿಮೀನಿನ ಸಂಸಾರ ಇದಕ್ಕೆ ತದ್ವಿರುದ್ಧ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೊದಲು ಗಂಡುಹೆಣ್ಣು ಜೋಡಿಯಾಗಿ ಒಂದು ಜಾಗ ಆರಿಸುತ್ತವೆ: ನೀರಿನೊಳಗಿನ ಕಲ್ಲು, ಮುಳುಗಿದ ಮರದ ಕೊಂಬೆ, ತೆಂಗಿನ ಹೆಡೆಯ ಬುಡ, ಏನಾದರೂ ಗಟ್ಟಿಯಾದದ್ದು. ಎರಡೂ ಸೇರಿ ಬಾಯಿಯಿಂದ ಕೆರೆದು ಕೆರೆದು ಪಾಚಿ ತೆಗೆದು ಅದನ್ನು ಚೊಕ್ಕ ಮಾಡುತ್ತವೆ. ಹೆಣ್ಣು ಅಲ್ಲಿ ನೂರಾರು ಮೊಟ್ಟೆ ಅಂಟಿಸುತ್ತದೆ. ಒಂದೊಂದು ಮೊಟ್ಟೆಗೂ ಒಂದು ಗಿಡ್ಡ ತೊಟ್ಟು. ಕೊಂಬೆಯಲ್ಲಿ ಕಾಯಿ ತೂಗುವಂತೆ ಅವು ನೀರಿನಲ್ಲಿ ತೂಗುತ್ತವೆ. ಆಮೇಲೆ ಕಾವಲು. ಒಂದು ಮೊಟ್ಟೆಗಳ ಮುಂದೆ ನಿಂತು ರೆಕ್ಕೆಯಿಂದ ಬೀಸಣಿಗೆ ಬೀಸಿದಂತೆ ಹೊಸ ನೀರು ತಳ್ಳುತ್ತದೆ, ಇನ್ನೊಂದು ಸುತ್ತ ತಿರುಗಿ ಹತ್ತಿರ ಬಂದವರನ್ನು ಓಡಿಸುತ್ತದೆ. ಪಾಳಿ ಬದಲಾಗುತ್ತದೆ. ನಾಲ್ಕೈದು ದಿನಕ್ಕೆ ಮರಿ ಹೊರಬರುವ ಹೊತ್ತಿಗೆ ತಳದ ಕೆಸರಿನಲ್ಲಿ ಗುಂಡಿ ತೋಡಿ ಇಟ್ಟಿರುತ್ತವೆ. ಈಜಲು ಬಾರದ ಮರಿಗಳನ್ನು ಬಾಯಿಯಲ್ಲಿ ಎತ್ತಿ ಆ ಗುಂಡಿಗೆ ಸಾಗಿಸುತ್ತವೆ. ಅಲ್ಲಿಂದ ಇನ್ನೊಂದು ಗುಂಡಿಗೆ. ಮರಿಗಳು ಈಜಲು ಕಲಿತ ಮೇಲೂ ವಾರಗಟ್ಟಲೆ ಜತೆಗೇ ಇರುತ್ತವೆ.

ಒಂದು ಬಿಸಿಲ ಮಧ್ಯಾಹ್ನ ಅಳಿವೆಯ ತಿಳಿನೀರಿನ ಅಂಚಿನಲ್ಲಿ ಕುಳಿತು ಇಂಥ ಜೋಡಿಯನ್ನು ನೋಡಿದ್ದೇನೆ. ಎರಡು ದೊಡ್ಡ ಮೀನುಗಳ ನಡುವೆ ಮಸಿ ಚೆಲ್ಲಿದಂಥ ಒಂದು ಮೋಡ. ನನ್ನ ನೆರಳು ನೀರಿಗೆ ಬಿದ್ದದ್ದೇ ತಡ, ಮೋಡ ಕುಗ್ಗಿ ತಳಕ್ಕಿಳಿಯಿತು. ದೊಡ್ಡ ಮೀನೊಂದು ನನ್ನ ಕಡೆಗೇ ತಿರುಗಿ ನಿಂತಿತು. ನಾನೇ ಎದ್ದು ಹೋದೆ.

ಕಿತ್ತಳೆ ಬಣ್ಣದ ಪಲ್ಲತ್ತಿ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಮರಿಗಳು ತಂದೆತಾಯಿಯ ಮೈಗೆ ಮುಖ ತಗುಲಿಸಿ ಚರ್ಮದ ಮೇಲಿನ ಲೋಳೆ ತಿನ್ನುತ್ತವೆ. ಮೊಲೆಯಿಲ್ಲದ ಜೀವಿಯ ಮೊಲೆಹಾಲು ಎನ್ನಬಹುದು. 1960ರ ದಶಕದಲ್ಲಿ ಇದನ್ನು ಕೂಲಂಕಷವಾಗಿ ನೋಡಿ ಬರೆದವರು ವಾರ್ಡ್ ಮತ್ತು ಬಾರ್ಲೋ ಎಂಬ ಸಂಶೋಧಕರು. ಅಮೆಜಾನಿನ ಡಿಸ್ಕಸ್ ಮೀನಿನ ಮರಿಗಳೂ ಇದನ್ನೇ ಮಾಡುತ್ತವೆ.

ಪಲ್ಲತ್ತಿಗೂ ಕರಿಮೀನಿಗೂ ಇರುವ ನೆಂಟಸ್ತಿಕೆ ವಿಚಿತ್ರ. ಚಿಕ್ಕದು ದೊಡ್ಡದರ ಮೈ ಚೊಕ್ಕ ಮಾಡುತ್ತದೆ: ರೆಕ್ಕೆ, ಬಾಲಗಳಿಗೆ ಅಂಟಿದ ಬೂಷ್ಟು, ಪರಾವಲಂಬಿಗಳನ್ನು ಆಯ್ದು ತಿನ್ನುತ್ತದೆ. 1972ರಲ್ಲಿ ಈ ಬಗ್ಗೆ ಸಂಶೋಧನಾ ಪ್ರಬಂಧ ಬಂತು. ಅದೇ ಚಿಕ್ಕದು ಅವಕಾಶ ಸಿಕ್ಕರೆ ಕರಿಮೀನಿನ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ.

ಪಲ್ಲತ್ತಿಗೆ ಕಿವಿಯೂ ಚುರುಕು. ಅದರ ಗಾಳಿಚೀಲದ ಮುಂದಿನ ತುದಿಗಳು ತಲೆಬುರುಡೆಯವರೆಗೆ ಚಾಚಿ ಒಳಕಿವಿಯನ್ನು ಮುಟ್ಟುತ್ತವೆ. ನೀರಿನಲ್ಲಿ ಸದ್ದಾದರೆ ಚೀಲ ಕಂಪಿಸಿ ಕಿವಿಗೆ ತಲುಪಿಸುತ್ತದೆ. 3,000 ಹರ್ಟ್ಸ್‌ವರೆಗಿನ ಸದ್ದು ಇದಕ್ಕೆ ಕೇಳುತ್ತದೆಂದು ಪ್ರಯೋಗಗಳು ತೋರಿಸಿವೆ.

ಈಗ ಈ ಎಲ್ಲಕ್ಕಿಂತ ನನಗೆ ಪ್ರಿಯವಾದ ಸಂಗತಿ. ನಮ್ಮ ಈ ಮೂರು ಮೀನುಗಳಿಗೆ ಅತಿ ಹತ್ತಿರದ ಬಂಧುಗಳು ಎಲ್ಲಿವೆ? ಗಂಗೆಯಲ್ಲಿಲ್ಲ, ಬರ್ಮಾದಲ್ಲಿಲ್ಲ. ಅರಬ್ಬೀ ಸಮುದ್ರ ದಾಟಿ ನೈಋತ್ಯಕ್ಕೆ ಸಾವಿರಾರು ಕಿಲೋಮೀಟರ್ ಹೋದರೆ ಮಡಗಾಸ್ಕರ್. ಅಲ್ಲಿಯ ಹೊಳೆ ಕೆರೆಗಳಲ್ಲಿ ‘ದಂಬಾ’ ಎಂದು ಕರೆಯುವ ಪ್ಯಾರೆಟ್ರೋಪ್ಲಸ್ ಮೀನುಗಳು. ಅವು ಮತ್ತು ನಮ್ಮವು ಸೇರಿ ಒಂದು ಬಳಿ. ಉಳಿದ ಸಿಕ್ಲಿಡ್‌ಗಳೆಲ್ಲ ಬೇರೆ. ಸಿಕ್ಲಿಡ್ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆ ನಮ್ಮದು.

ಸಮುದ್ರದ ಆಚೆ ನೆಂಟರು ಹೇಗೆ? ಉತ್ತರದ ಒಂದು ತುಂಡು ಮಲ್ಪೆಯಲ್ಲೇ ಇದೆ. ಬೋಟು ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ, ಅಂದರೆ ನಮ್ಮ ತೋನ್ಸೆಪಾರಿಗೆ ಹೋಗಿ. ಕಂಬಗಳನ್ನು ಒಟ್ಟಿಟ್ಟಂತೆ ನಿಂತ ಆ ಬಹುಭುಜದ ಬಂಡೆಗಳು ಲಾವಾ ತಣಿದು ಸೀಳಿ ಆದವು. ಅವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಭಾರತ ಮತ್ತು ಮಡಗಾಸ್ಕರ್ ಒಂದೇ ನೆಲವಾಗಿದ್ದು, ಅದು ಬಿರಿದು ಎರಡಾಗುವಾಗ ಭೂಮಿಯೊಳಗಿನಿಂದ ಉಕ್ಕಿದ ಲಾವಾ ಅದು. ಪ್ರವಾಸಿಗರು ಬೆನ್ನು ತಾಗಿಸಿ ಫೋಟೋ ತೆಗೆಸಿಕೊಳ್ಳುವ ಕಲ್ಲು ಎರಡು ನಾಡುಗಳು ಮನೆ ಪಾಲು ಮಾಡಿಕೊಂಡ ದಿನದ ಸಾಕ್ಷಿ. ಆಗ ಒಂದೇ ಹೊಳೆಯಲ್ಲಿದ್ದ ಮೀನಿನ ಪೂರ್ವಜರು ಅರ್ಧ ಅಲ್ಲಿ ಉಳಿದು, ಅರ್ಧ ಇಲ್ಲಿಗೆ ತೇಲಿಬಂದ ನೆಲದ ಜತೆ ಬಂದರು ಎಂಬುದು ಒಂದು ವಾದ.

ಇದನ್ನು ಒಪ್ಪದವರೂ ಇದ್ದಾರೆ. ಈವರೆಗೆ ಸಿಕ್ಕ ಅತಿ ಹಳೆಯ ಸಿಕ್ಲಿಡ್ ಪಳೆಯುಳಿಕೆಗಳು ಟಾಂಜಾನಿಯಾದವು, ವಯಸ್ಸು ಸುಮಾರು 4.6 ಕೋಟಿ ವರ್ಷ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಿಕ್ಲಿಡ್‌ಗಳು ಹುಟ್ಟಿದ್ದೇ ನೆಲಗಳು ಬೇರೆಯಾದ ಮೇಲೆ ಎಂದಿತು. ಹಾಗಿದ್ದರೆ ಅವು ಸಮುದ್ರವನ್ನೇ ದಾಟಿರಬೇಕು. ಕರಿಮೀನು ಉಪ್ಪುನೀರು ತಾಳುವುದನ್ನು ಕಂಡವರಿಗೆ ಅದೂ ಅಸಾಧ್ಯ ಅನ್ನಿಸುವುದಿಲ್ಲ. ವಾದ ಯಾರೇ ಗೆಲ್ಲಲಿ, ನೆಂಟಸ್ತಿಕೆಯಂತೂ ಸುಳ್ಳಲ್ಲ.

ಜಿಲೇಬಿ ಮೀನು ನಮ್ಮದಲ್ಲ ಎಂಬುದು ಗೊತ್ತೇ? ಪೇಟೆಯ ಹೆಸರು ಜಿಲೇಬಿ, ಪುಸ್ತಕದ ಹೆಸರು ತಿಲಾಪಿಯಾ. ಆಫ್ರಿಕಾದ ಈ ಸಿಕ್ಲಿಡ್ ಭಾರತಕ್ಕೆ ಬಂದದ್ದು 1952ರಲ್ಲಿ, ಬಡವರ ತಟ್ಟೆಗೆ ಮೀನು ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದ. ಏಳೇ ವರ್ಷದಲ್ಲಿ, 1959ರಲ್ಲಿ, ಇದನ್ನು ಹರಡಬೇಡಿ ಎಂದು ತಡೆ ಹಾಕಬೇಕಾಯಿತು. ಅಷ್ಟರಲ್ಲಿ ಅದು ಕೈಮೀರಿತ್ತು. ತಾಯಿ ಮೊಟ್ಟೆಗಳನ್ನು ಬಾಯಿಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅಪಾಯ ಕಂಡರೆ ಮರಿಗಳು ಮತ್ತೆ ಬಾಯಿಗೆ ಓಡುತ್ತವೆ. ಹೀಗಾಗಿ ಎಂಥ ಕೊಳಕು ನೀರಿನಲ್ಲೂ ಸಂತಾನ ಉಳಿಯುತ್ತದೆ. ಲೋಕದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಮೀನಿಗೂ, ಅಂದರೆ ಮೊಜಾಂಬಿಕ್ ತಿಲಾಪಿಯಾಗೂ, ಜಾಗ ಸಿಕ್ಕಿದೆ.

ಕೆನರಾ ಮೀನು ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿದೆ. ವರ್ಗ: ಅಪಾಯಕ್ಕೆ ಸಿಲುಕಿದ್ದು.

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಮೊಟ್ಟೆ ಅಂಟಿಸಲು ಕಲ್ಲು ಬೇಕು, ಮರಿ ಕಾಯಲು ನಿಂತ ತಿಳಿನೀರು ಬೇಕು, ಬೇಸಿಗೆ ಕಳೆಯಲು ಆಳದ ಕಯ ಬೇಕು. ಹೊಯ್ಗೆ ತೆಗೆಯುವ ಯಂತ್ರ ಹೊಳೆಗಿಳಿದರೆ ಈ ಮೂರೂ ಒಟ್ಟಿಗೆ ಹೋಗುತ್ತವೆ. ನೀರು ಕದಡಿ, ಕಲ್ಲುಗಳ ಮೇಲೆ ಕೆಸರು ಕೂರುತ್ತದೆ. ಕಯಕ್ಕೆ ತೋಟೆ ಎಸೆದರೆ ತಿನ್ನುವ ಮೀನು ಹತ್ತು ತೇಲಿದರೆ ತಿನ್ನದ ಮರಿ ಸಾವಿರ ಸಾಯುತ್ತದೆ. ನೇತ್ರಾವತಿಯ ತಲೆಯ ಹಳ್ಳಗಳಲ್ಲಿ ಒಂದಾದ ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಒಯ್ಯಬೇಕೆಂದಿರುವುದು 24 ಟಿಎಂಸಿ. ಕುಡಿಯುವ ನೀರಿನ ಮಾತು ಬಂದಾಗ ಮೀನಿನ ಮಾತು ಸಣ್ಣದಾಗಿ ಕಾಣುತ್ತದೆ. ಆದರೆ ಈ ಮೀನಿನ ತವರೇ ಈ ಹೊಳೆ ಎಂಬುದನ್ನು ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ಬರೆಯಲೇಬೇಕು.

ಅದೇ ನೇತ್ರಾವತಿ ಕಣಿವೆಯ ಶಿಶಿಲದಲ್ಲಿ, ಕಪಿಲಾ ನದಿಯ ದಡದ ಶಿಶಿಲೇಶ್ವರನ ಸನ್ನಿಧಿಯಲ್ಲಿ, ಮಹಶೀರ್ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಅವು ದೇವರ ಮೀನುಗಳು. ಭಕ್ತರು ಕೈಯಾರೆ ಅಕ್ಕಿ, ಹೊದಲು ಹಾಕುತ್ತಾರೆ. 1996ರಲ್ಲಿ ಕಿಡಿಗೇಡಿಗಳು ಅಲ್ಲಿ ವಿಷ ಹಾಕಿ ಸಾವಿರಾರು ಮೀನು ಕೊಂದಾಗ ಊರೇ ಅತ್ತಿತು, ಸತ್ತ ಮೀನುಗಳಿಗಾಗಿ ಸ್ಮಾರಕ ಕಟ್ಟಿತು. ಮೀನನ್ನು ಉಳಿಸುವುದು ಈ ನಾಡಿಗೆ ಹೊಸದಲ್ಲ. ಪಟ್ಟೆಯ ಈ ಪುಟ್ಟ ಮೀನು ದೇವರ ಪಟ್ಟಿಗೆ ಸೇರಲಿಲ್ಲ, ಅಷ್ಟೇ.

ದೇಶದ ಮೊದಲ ಮೀನುಗಾರಿಕಾ ಕಾಲೇಜು ಶುರುವಾದದ್ದು 1969ರಲ್ಲಿ, ಮಂಗಳೂರಿನಲ್ಲಿ, ಇದೇ ನೇತ್ರಾವತಿಯ ಅಳಿವೆಗೆ ಹತ್ತಿರ. ಮೀನಿನ ಪಾಠ ಕಾಲೇಜಿನಲ್ಲೇ ನಿಲ್ಲದಿರಲಿ. ಹೊಳೆ ದಡದ ಶಾಲೆಗಳ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಬಿನ್ನಹ: ಹುಲಿ, ಆನೆಯ ಚಿತ್ರದ ಪಕ್ಕ ಈ ಮೀನಿನ ಚಿತ್ರವನ್ನೂ ಗೋಡೆಗೆ ಅಂಟಿಸಿ. ಹುಲಿ ಎಷ್ಟೋ ರಾಜ್ಯಗಳಲ್ಲಿದೆ. ಇದು ಇಲ್ಲಿ ಮಾತ್ರ.

ಮಣಿಪಾಲದವರಲ್ಲಿ ಇನ್ನೊಂದು. ಕೋರ್ಸು ಮುಗಿಸಿ ಊರಿಗೆ ಹೊರಡುವಾಗ ತೊಟ್ಟಿಯ ಮೀನುಗಳನ್ನು ಮಣ್ಣಪಳ್ಳಕ್ಕೋ ಸ್ವರ್ಣೆಗೋ ಬಿಡಬೇಡಿ. ಅದು ಬಿಡುಗಡೆಯಲ್ಲ, ಅಲ್ಲಿರುವ ಮೀನುಗಳ ಮೇಲೆ ದಾಳಿ. ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಸಾಕುವ ಗೆಳೆಯರಿಗೆ ಕೊಡಿ.

ಈ ಬೇಸಿಗೆಯಲ್ಲಿ ಉಪ್ಪಿನಂಗಡಿಯ ಕಡೆ ನೆಂಟರ ಮನೆಗೆ ಹೋಗಿ, ಮಕ್ಕಳ ಜತೆ ಹೊಳೆಗಿಳಿದು, ಬೀಸುಬಲೆಯಲ್ಲಿ ಅಂಗೈಯಗಲದ ಕಪ್ಪುಪಟ್ಟೆಯ ಮೀನೊಂದು ಬಂದರೆ ಒದ್ದೆ ಕೈಯಲ್ಲೇ ಹಿಡಿಯಿರಿ. ಒಂದು ಫೋಟೋ ತೆಗೆದು, ಜಾಗ ಮತ್ತು ತಾರೀಕು ಬರೆದಿಟ್ಟುಕೊಂಡು, ಅದನ್ನು ಹಿಡಿದ ಕಯಕ್ಕೇ ಮತ್ತೆ ಬಿಡಿ.